ಬಿದ್ದವನಿಗೆ ಎಡವಿದರೆ ಫೌಲ್ ಯಾರದು?

ಬ್ಯಾಸ್ಕೆಟ್‌ಬಾಲ್ ರೆಫ್ರಿಗೆ ಬೆಂಚಿನಿಂದ ಕೇಳಿಬರುವ ಕೂಗು ಹೆಚ್ಚಾಗಿ ಒಂದೇ: "ಸರ್, ಬಿದ್ದಿದ್ದಾನೆ ನೋಡಿ, ಫೌಲ್ ಅಲ್ವಾ?" ಬಿದ್ದಿದ್ದೇ ಸಾಕ್ಷಿ ಅನ್ನುವ ನಂಬಿಕೆ. ಆದರೆ ಆಟಗಾರರು ಕಾಲು ಜಾರಿ ಬೀಳುತ್ತಾರೆ, ಚೆಂಡಿಗೆ ಹಾರಿ ಬೀಳುತ್ತಾರೆ, ಕೆಲವರು ಗಾಳಿ ಸೋಕಿದರೂ ಬೀಳುತ್ತಾರೆ. ಈ ಕೊನೆಯವರ ನಾಟಕಕ್ಕೆ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಟೆಕ್ನಿಕಲ್ ಫೌಲ್, ಅಂದರೆ ಮೈ ತಾಗದಿದ್ದರೂ ನಡತೆಗಾಗಿ ಕೊಡುವ ಫೌಲ್, ಇದೆ.

ತಲೆಬಿಸಿ ಇರುವುದು ಬಿದ್ದ ಮೇಲೆ. ಒಬ್ಬ ನೆಲದಲ್ಲಿದ್ದಾನೆ. ಎದುರಾಳಿ ಓಡಿಬಂದು ಅವನಿಗೆ ಎಡವಿ ಉರುಳಿದ. ಈಗ?

ನಾನು ಮೊದಲು ಕೇಳಿಕೊಳ್ಳುವುದು, ಬಿದ್ದವನು ಅಲ್ಲಿಗೆ ಬಂದಿದ್ದು ಹೇಗೆ ಅಂತ. ಖಾಲಿ ಇರುವ ಯಾವ ಜಾಗವನ್ನಾದರೂ ಆಟಗಾರ ಹಿಡಿಯಬಹುದು, ಹಿಡಿಯುವಾಗ ಯಾರಿಗೂ ಡಿಕ್ಕಿ ಹೊಡೆಯಬಾರದು. ಇದು ಮೂಲ ನಿಯಮ. ಅಮೆರಿಕದ ಹೈಸ್ಕೂಲ್ ಆಟದಲ್ಲಿ ಇದನ್ನು ನೆಲದ ಮೇಲಿರುವವನಿಗೂ ಅನ್ವಯಿಸುತ್ತಾರೆ: ತಾನಾಗಿ ಬಿದ್ದು ಸುಮ್ನೆ ಮಲಗಿದ್ದರೆ, ಬೇರೆಯವರು ಎಡವಿದ್ದಕ್ಕೆ ಅವನ ಮೇಲೆ ಫೌಲ್ ಇಲ್ಲ.

ಆದರೆ ಅವನಿಗೆ ಸಿಕ್ಕಿದ್ದು ಆ ಜಾಗ ಮಾತ್ರ. ಎರಡೂ ಕಾಲೂರಿ ಎದುರಾಳಿಗೆ ಮುಖಮಾಡಿ ನಿಂತ ಡಿಫೆಂಡರ್‌ಗೆ ಪಕ್ಕಕ್ಕೆ ಸರಿಯುವ, ಹಿಂದಕ್ಕೆ ಹೋಗುವ ಸ್ವಾತಂತ್ರ್ಯ ಇರುತ್ತದೆ. ಮಲಗಿದವನಿಗೆ ಅದೆಲ್ಲಿಂದ ಬರಬೇಕು? ಕಾಲೆತ್ತಿದ, ಹೊರಳಿದ, ಮೊಣಕೈ ಚಾಚಿದ, ಅದರಿಂದ ಎದುರಾಳಿ ಬಿದ್ದ ಅಂದರೆ ನನ್ನ ಸೀಟಿ ಊದಿದಂತೆಯೇ. ಹಾಗಾಗಿ ನಾನು ನೋಡುವುದು ಎಡವಿದವನನ್ನಲ್ಲ, ಬಿದ್ದವನ ಕೈಕಾಲನ್ನು. ಚೆಂಡಿನ ಹಿಂದೆ ಕಣ್ಣು ಓಡಿಸುವ ರೆಫ್ರಿಗೆ ಇದು ಕಾಣುವುದೇ ಇಲ್ಲ. ಇಬ್ಬರ ನಡುವಿನ ಸಂದು ಕಾಣುವಂತೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಬೇಕು.

ಎದುರಾಳಿ ಗಾಳಿಯಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ನೆಗೆಯುವ ಹೊತ್ತಿಗೆ ಖಾಲಿ ಇದ್ದ ಜಾಗದಲ್ಲಿ ಇಳಿಯುವುದು ಅವನ ಹಕ್ಕು. ಅವನು ನೆಗೆದ ಮೇಲೆ ಅಡಿಗೆ ನುಗ್ಗಿ ತಾಗಿಸಿದರೆ ಅದು ಸಾಮಾನ್ಯವಾಗಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್, ಅಂದರೆ ಮಾಮೂಲಿಗಿಂತ ಗಂಭೀರವಾದ ಫೌಲ್. ಇಲ್ಲಿ ನಾನು ಮುಲಾಜು ನೋಡುವುದಿಲ್ಲ. ಮೊಣಕಾಲು, ಪಾದ ಹಾಳಾಗುವುದು ಇಂಥದ್ದರಲ್ಲೇ.

ಉರುಳುವ ಚೆಂಡಿಗೆ ಮೂರ್ನಾಲ್ಕು ಜನ ಬಿದ್ದಾಗಂತೂ ಜಾತ್ರೆ. ಎರಡೂ ತಂಡದವರು ಚೆಂಡನ್ನು ಗಟ್ಟಿಯಾಗಿ ಹಿಡಿದಿದ್ದರೆ ಜಂಪ್ ಬಾಲ್, ಸರದಿ ಯಾರದೆಂದು ತೋರಿಸುವ ಬಾಣದ ಗುರುತು ಯಾರ ಕಡೆಗಿದೆಯೋ ಅವರಿಗೆ ಚೆಂಡು. ಕೆಳಗಿರುವವನ ಬೆನ್ನ ಮೇಲೆ ಯಾರಾದರೂ ಹಾರಿದರೆ ಫೌಲ್. ಚೆಂಡು ಹಿಡಿದವನು ಜಾರಿಕೊಂಡು ಹೋಗಬಹುದು, ಆದರೆ ಹೊರಳುವುದು, ಚೆಂಡಿನೊಂದಿಗೆ ಏಳಲು ನೋಡುವುದು ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದುಕೊಂಡು ನಿಯಮ ಮೀರಿ ಚಲಿಸಿದ ತಪ್ಪು. ಪ್ರೇಕ್ಷಕರು "ಫೌಲ್!" ಅಂತ ಅರಚುವಾಗ ನಾನು ಟ್ರಾವೆಲಿಂಗ್ ತೋರಿಸಿದರೆ ಬೈಗುಳ ಜಾಸ್ತಿ. ಅಭ್ಯಾಸವಾಗಿದೆ ಬಿಡಿ.

ಬಿದ್ದವನು ಏಳದಿದ್ದರೆ? ಚೆಂಡು ಇರುವ ತಂಡ ಬುಟ್ಟಿಗೆ ಎಸೆಯುವವರೆಗೆ, ಇಲ್ಲವೇ ಚೆಂಡು ಕಳೆದುಕೊಳ್ಳುವವರೆಗೆ ಕಾಯಬೇಕು ಅನ್ನುತ್ತದೆ ನಿಯಮ. ಗಾಯಗೊಂಡವನನ್ನು ಕಾಪಾಡಬೇಕಾದರೆ ಮಾತ್ರ ತಕ್ಷಣ ನಿಲ್ಲಿಸಬಹುದು. ಅವನು ಮೂಲೆಯಲ್ಲಿದ್ದು ಆಟ ಆಚೆ ತುದಿಗೆ ಹೋಗಿದ್ದರೆ ಕಾಯುತ್ತೇನೆ. ಬುಟ್ಟಿಯ ಕೆಳಗೆ, ಎಲ್ಲರ ಕಾಲಡಿಯಲ್ಲಿದ್ದರೆ ಕೂಡಲೇ ಸೀಟಿ. ಆಗ ಚೆಂಡು ಇದ್ದ ತಂಡದ ಕೋಚ್ ಖಂಡಿತ ಸಿಡುಕುತ್ತಾರೆ. ಸಿಡುಕಲಿ.