ಸುಳ್ಳು ನಿಶ್ಚಿತಾರ್ಥದ ಕತೆಗಳ ಸೆಳೆತ
ಸುಳ್ಳು ನಿಶ್ಚಿತಾರ್ಥದ ಪ್ರೇಮಕತೆಗಳಲ್ಲಿ, ಅಂದರೆ ಇಬ್ಬರು ನಿಶ್ಚಿತಾರ್ಥ ಆಗಿದೆ ಅಂತ ನಾಟಕ ಆಡುವ ಕತೆಗಳಲ್ಲಿ, ಉಂಗುರಕ್ಕಿಂತ ಮುಖ್ಯ ಕರಾರು. ಎಷ್ಟು ದಿನ, ಯಾರೆದುರು ಕೈ ಹಿಡಿಯಬೇಕು, ಎಲ್ಲಿಗೆ ನಿಲ್ಲಿಸಬೇಕು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರ್ತಾರೆ. ಆ ನಿಯಮಗಳು ಒಂದೊಂದಾಗಿ ಮುರಿಯೋದನ್ನ ನೋಡೋದೇ ಮಜಾ. ನಾಲ್ಕು ಜನರ ಮುಂದೆ ಹೆಗಲ ಮೇಲೆ ಕೈ ಹಾಕಿದರೆ ಅದು ನಾಟಕ. ಎಲ್ಲರೂ ಹೋದ ಮೇಲೂ ಕೈ ತೆಗೆಯದಿದ್ದರೆ? ಕತೆ ಶುರುವಾಗೋದೇ ಅಲ್ಲಿ.

ಇಂಥ ಕತೆಗಳು ಎಡವೋದು ಹೆಚ್ಚಾಗಿ ಆ ನಾಟಕಕ್ಕೆ ಕೊಡೋ ಕಾರಣದಲ್ಲಿ. ಸುಳ್ಳು ಹೇಳಲೇಬೇಕಾದ ಒತ್ತಡ ಸಡಿಲವಾಗಿದ್ದರೆ, 'ನಿಜ ಹೇಳಿಬಿಡಬಹುದಿತ್ತಲ್ಲ' ಅಂತ ಮೂರನೇ ಅಧ್ಯಾಯಕ್ಕೇ ಅನಿಸಿಬಿಡುತ್ತೆ. ಆಮೇಲೆ ಗುಟ್ಟು ರಟ್ಟಾಗುವ ದೃಶ್ಯ. ಯಾರೋ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರೆ ಸಪ್ಪೆ (ಎಷ್ಟು ಸಲ ಓದೋದು ಅದನ್ನ!). ಇಬ್ಬರಲ್ಲಿ ಒಬ್ಬರು ತಾವಾಗಿಯೇ ಬಾಯಿಬಿಟ್ಟರೆ, ಅದೂ ಪೂರ್ತಿ ನಂಬಿದ್ದ ಅಜ್ಜಿಯ ಎದುರು, ಅದರ ತೂಕವೇ ಬೇರೆ.