ಕೊನೆಯ ಸಾಲಿನ ಕರವಸ್ತ್ರ

ವಾರ್ಷಿಕ ಸಂಚಿಕೆಗೆ ಲೇಖನ ಕೇಳಲು ಬಂದಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬಳು, ಹೊರಡುವ ಮುನ್ನ ಬಾಗಿಲಲ್ಲಿ ನಿಂತು, “ನಾಟಕದವರಿಗೆ ಮುಖ್ಯವಾಗಿ ಏನೇನು ಬೇಕು ಸಾರ್, ಅದನ್ನೂ ಬರೆಯಿರಿ” ಎಂದಳು. ಅವರು ಹೋದ ಮೇಲೆ ನನ್ನ ಹೆಗಲುಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದೆ. ಎರಡು ಮೊಂಡು ಪೆನ್ಸಿಲ್, ಒಂದು ರಬ್ಬರ್, ಕೋರಾ ಪುಸ್ತಕ, ಬೆಂಕಿಪೊಟ್ಟಣದೊಳಗೆ ಹತ್ತು ಹನ್ನೆರಡು ಸೇಫ್ಟಿ ಪಿನ್ನು, ಕಪ್ಪು ಮತ್ತು ಬಿಳಿ ದಾರ ಸುತ್ತಿದ ಸೂಜಿ, ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ, ಹಳೆಯ ಪಂಚೆಯ ತುಂಡು, ಗಾಜಿನ ಮೇಲೆ ನೀಲಿ ಕಾಗದ ಅಂಟಿಸಿದ ಸಣ್ಣ ಟಾರ್ಚು, ಬಿಸಿನೀರಿನ ಫ್ಲಾಸ್ಕು. ಮೂವತ್ತು ವರ್ಷ ರಂಗಭೂಮಿಯಲ್ಲೇ ಅನ್ನ ಹುಡುಕಿಕೊಂಡವನ ಆಸ್ತಿ ಇಷ್ಟೇ. ಇದರಲ್ಲಿ ಟಾರ್ಚು ಮತ್ತು ಫ್ಲಾಸ್ಕನ್ನು ಬಿಟ್ಟರೆ ಉಳಿದದ್ದೆಲ್ಲ ಈ ಕಾಲೇಜಿನ ಸಭಾಂಗಣದಲ್ಲಿ, 1994ರ ಮಳೆಗಾಲದಲ್ಲಿ, ಒಂದೊಂದಾಗಿ ಚೀಲ ಸೇರಿದ್ದು.

ಆ ವರ್ಷ ನಮ್ಮ ಕನ್ನಡ ಮೇಷ್ಟ್ರು ನಮ್ಮಿಂದ ಆಡಿಸಿದ್ದು ಗಿರೀಶ ಕಾರ್ನಾಡರ ‘ತುಘಲಕ್’. 1964ರಲ್ಲಿ ಪ್ರಕಟವಾದ, 13 ದೃಶ್ಯಗಳ ಈ ನಾಟಕವನ್ನು ಬಿ.ಎ. ಎರಡನೆಯ ವರ್ಷದ ಹುಡುಗರ ಕೈಗೆ ಕೊಡುವುದು ದುಸ್ಸಾಹಸವೆಂದು ಹಲವು ಅಧ್ಯಾಪಕರು ಹೇಳಿದ್ದರು. ಈಗ ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ನನಗೆ ಸಿಕ್ಕಿದ್ದು ಅಜೀಜನ ಪಾತ್ರ. ಬಟ್ಟೆ ಒಗೆಯುವ ಕಸುಬಿನ ಈ ಜಾಣ, ಸುಲ್ತಾನನ ಒಂದೊಂದು ಹೊಸ ಕಾಯಿದೆಗೂ ಒಂದೊಂದು ವೇಷ ಹಾಕುತ್ತ, ಬ್ರಾಹ್ಮಣನಾಗಿ, ಸರ್ಕಾರಿ ನೌಕರನಾಗಿ, ಕಡೆಗೆ ಖಲೀಫರ ವಂಶದವನಾಗಿಯೂ ಬಂದು ನಿಲ್ಲುತ್ತಾನೆ. ವೇಷ ಬದಲಿಸುವುದೇ ಅವನ ಬದುಕಾದ್ದರಿಂದ, ನಟನೆಯ ಕಸುಬನ್ನು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಸುಲ್ತಾನನ ಪಾತ್ರ ಸಿಗಲಿಲ್ಲವೆಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ತಾಲೀಮಿನ ಮೊದಲ ದಿನ ಮೇಷ್ಟ್ರು ಎಲ್ಲರ ಕೈ ನೋಡಿ, “ಪೆನ್ನು ತಂದವರು ಹೋಗಿ ಪೆನ್ಸಿಲ್ ಕೊಂಡು ಬನ್ನಿ” ಎಂದು ಹೊರಗೆ ಕಳುಹಿಸಿದರು. ಇಂದು ಬಲಗಡೆಯಿಂದ ಪ್ರವೇಶಿಸಿದವನು ನಾಳೆ ಎಡಗಡೆಯಿಂದ ಬರಬೇಕಾಗುತ್ತದೆ, ನಾಡಿದ್ದು ಆ ಪ್ರವೇಶವೇ ಇಲ್ಲವಾಗುತ್ತದೆ, ಶಾಯಿಯಲ್ಲಿ ಬರೆದುಕೊಂಡವನು ಮೂರನೆಯ ವಾರಕ್ಕೆ ತನ್ನ ಗೀಚಾಟವನ್ನು ತಾನೇ ಓದಲಾಗದೆ ಒದ್ದಾಡುತ್ತಾನೆ ಎಂಬುದು ಅವರ ವಾದ. ಪುಸ್ತಕದ ಎಡಪುಟದಲ್ಲಿ ಮಾತು, ಬಲಪುಟ ಖಾಲಿ. ಚಲನೆ, ನಿಲುವು, ಕೈಯಲ್ಲಿರಬೇಕಾದ ಪರಿಕರ, ಎಲ್ಲವೂ ಬಲಪುಟಕ್ಕೆ. ಮಾತಿನ ನಡುವೆ ಒಂದು ಗೀಟು ಎಳೆದರೆ ಅಲ್ಲಿ ಉಸಿರು. ಎರಡು ಗೀಟು ಎಳೆದರೆ ಅಲ್ಲಿ ನಿಲುಗಡೆ.

ನಮ್ಮನ್ನು ಹೆಚ್ಚು ಗೋಳಾಡಿಸಿದ್ದು ಅವರ ಇನ್ನೊಂದು ನಿಯಮ. ನಮ್ಮ ನಮ್ಮ ಮಾತನ್ನಷ್ಟೇ ಬರೆದುಕೊಂಡರೆ ಸಾಲದು, ನಾವು ರಂಗದ ಮೇಲಿರುವ ದೃಶ್ಯವನ್ನು ಪೂರ್ತಿಯಾಗಿ, ಎಲ್ಲರ ಮಾತುಗಳ ಸಮೇತ, ಸ್ವಂತ ಕೈಬರಹದಲ್ಲಿ ನಕಲು ಮಾಡಬೇಕಿತ್ತು. ನಾನು ಹೊಳೆನರಸೀಪುರದ ಕಡೆಯ ಹಳ್ಳಿಯವನು. ನಮ್ಮಲ್ಲಿ ಹಬ್ಬ ಕಳೆದ ಮೇಲೆ ಪೌರಾಣಿಕ ನಾಟಕ ಕಟ್ಟುವಾಗ, ಹಾರ್ಮೋನಿಯಂ ಮೇಷ್ಟ್ರು ಬಂದು ಎರಡು ಮೂರು ತಿಂಗಳು ಉಳಿದು ಕಲಿಸುತ್ತಿದ್ದರು. ದುರ್ಯೋಧನನ ಪಾರ್ಟಿನವನಿಗೆ ತನ್ನ ಪಾರ್ಟು, ತನ್ನ ಹಾಡು, ಎದುರಿನವನು ಮುಗಿಸುವ ಕೊನೆಯ ನುಡಿ, ಇಷ್ಟು ಬಾಯಿಗೆ ಬಂದರೆ ಸಾಕಿತ್ತು. ಅಕ್ಷರ ಬಾರದವರೂ ರಾತ್ರಿಯಿಡೀ ಒಂದು ಪದ ತಪ್ಪದೆ ಆಡುತ್ತಿದ್ದುದನ್ನು ನೋಡಿ ಬೆಳೆದ ನನಗೆ, ಈ ನಕಲು ಕೆಲಸ ಇಂಪೊಸಿಷನ್ನಿನಂತೆ ತೋರಿತು. “ಎದುರಿನವನ ಕೊನೆಯ ಮಾತಿಗೆ ಕಾಯುತ್ತಾ ನಿಲ್ಲುವವನು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಂತಿರುತ್ತಾನೆ ಕಣಯ್ಯಾ, ಅವನ ಮುಖದಲ್ಲೇ ಗೊತ್ತಾಗುತ್ತೆ” ಎಂದರು ಮೇಷ್ಟ್ರು. ಅಜೀಜನ ಜೊತೆಗಾರ ಆಜಮನ ಮಾತುಗಳನ್ನೆಲ್ಲ ನನ್ನ ಕೈಯಾರೆ ಬರೆದ ಮೇಲೆಯೇ, ಆ ಜೇಬುಗಳ್ಳನ ಅಂಜಿಕೆಯನ್ನು ಕಂಡು ಅಜೀಜನಿಗೆ ನಗು ಬರುತ್ತಿದೆಯೆಂಬುದು ನನಗೆ ಹೊಳೆದದ್ದು. ನನ್ನ ಸಾಲುಗಳಲ್ಲಿ ಎಷ್ಟು ಹುಡುಕಿದರೂ ಅದು ಸಿಕ್ಕಿರಲಿಲ್ಲ.

ಕಂಠಪಾಠಕ್ಕೆ ಅವರದೇ ಒಂದು ಪರೀಕ್ಷೆಯಿತ್ತು. ಕೋಣೆಯಲ್ಲಿ ಕೂತು ಒಪ್ಪಿಸಿದ್ದು ಲೆಕ್ಕಕ್ಕಿಲ್ಲ. ಬಟ್ಟೆ ಒಗೆಯುತ್ತಾ, ನೀರು ಹೊರುತ್ತಾ, ಮಹಾರಾಜ ಪಾರ್ಕಿನಲ್ಲಿ ಬಿರುಸಾಗಿ ನಡೆಯುತ್ತಾ ಹೇಳಿದಾಗಲೂ ಮಾತು ತಾನಾಗಿ ಬರಬೇಕು. ಕೈಗೆ ಕೆಲಸ ಕೊಟ್ಟೊಡನೆ ಬಾಯಿ ತಡವರಿಸಿದರೆ ಆ ಸಾಲು ಇನ್ನೂ ನಮ್ಮದಾಗಿಲ್ಲವೆಂದು ಅರ್ಥ. ಮುಂಜಾನೆ ಪಾರ್ಕಿನಲ್ಲಿ ನಾನೂ ಆಜಮನ ಪಾತ್ರಧಾರಿಯೂ ಸುಲ್ತಾನನನ್ನು ಬಯ್ದುಕೊಂಡು ಓಡಾಡುವುದನ್ನು ಕಂಡು, ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ನಮ್ಮ ಹಾಸ್ಟೆಲಿನ ವಾರ್ಡನ್ನರಿಗೆ ದೂರು ಕೊಟ್ಟದ್ದೂ ಉಂಟು.

ಇನ್ನು ಧ್ವನಿಯ ವಿಷಯ. ‘ಹ’ಕಾರವನ್ನು ನುಂಗುವುದರಲ್ಲಿ ನಮ್ಮ ಸೀಮೆಯವರನ್ನು ಮೀರಿಸುವವರಿಲ್ಲ. ಹಾಸನದಲ್ಲಿ ಹುಟ್ಟಿ ಹಾಸನವನ್ನು ‘ಆಸನ’ ಎನ್ನುವ, ಅದರ ಪ್ರಾಯಶ್ಚಿತ್ತವೆಂಬಂತೆ ‘ಆಕಾಶ’ವನ್ನು ‘ಹಾಕಾಶ’ ಮಾಡುವ ಗುಂಪನ್ನು ಕಟ್ಟಿಕೊಂಡು ಮೇಷ್ಟ್ರು ದಿನವೂ ಅರ್ಧ ಗಂಟೆ ಉಚ್ಚಾರಣೆ ಮಾಡಿಸುತ್ತಿದ್ದರು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಅಲ್ಲಿ, ಹಲ್ಲಿ, ಹಳ್ಳಿ’ ಎಂದು ಹೇಳಬೇಕು. ‘ಹ’ ಬಂದಾಗ ಅಂಗೈಗೆ ಬಿಸಿಯುಸಿರು ತಾಗಬೇಕು. ಊರಿನ ಮಾತು ಕೀಳೆಂದು ಅವರು ಎಂದೂ ಹೇಳಿದವರಲ್ಲ. ಪಾತ್ರ ಕೇಳಿದಾಗ ‘ಹ’ ಬಿಡಲು ಬರಬೇಕು, ಕೇಳದಿದ್ದಾಗ ಬಿಡದಿರಲು ಬರಬೇಕು ಎನ್ನುತ್ತಿದ್ದರು. ಆ ಮೇಲೆ ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದು ನಿಘಂಟು ಇಟ್ಟು, ಉಸಿರಿನೊಡನೆ ಅದು ಏಳುವುದನ್ನೂ ಇಳಿಯುವುದನ್ನೂ ನೋಡಿಕೊಳ್ಳುವಂತೆ ಹೇಳುತ್ತಿದ್ದರು. ಹೆಗಲು ಎದ್ದರೆ ತಪ್ಪು, ನಿಘಂಟು ಎದ್ದರೆ ಸರಿ.

ಇಷ್ಟೆಲ್ಲ ಮಾಡಿಸಿ ತಾವು ಹೋಗಿ ಸಭಾಂಗಣದ ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಮಾತು ಅಲ್ಲಿಗೆ ಕೇಳಿಸದಿದ್ದರೆ ಬಿಳಿಯ ಕರವಸ್ತ್ರವನ್ನು ಮೇಲೆತ್ತುವರು. ಕೂಗುವುದಿಲ್ಲ, ತಾಲೀಮು ನಿಲ್ಲಿಸುವುದಿಲ್ಲ. ಮೇಲೆ ತಗಡಿನ ಸೂರು, ಹೊರಗೆ ಜುಲೈ ತಿಂಗಳ ಮಳೆ. ಮೊದಲ ವಾರ ಆ ಕರವಸ್ತ್ರ ಕೆಳಗೆ ಇಳಿದದ್ದೇ ಕಡಿಮೆ. ಅದನ್ನು ಇಳಿಸುವ ಹಟಕ್ಕೆ ಬಿದ್ದು ನಾನು ಕಿರುಚಿದೆ. ನಾಲ್ಕನೆಯ ದಿನಕ್ಕೆ ಗಂಟಲು ಕಟ್ಟಿ ಸ್ವರವೇ ಹೊರಡದಾಯಿತು. ಗಂಟಲಿಗೆ ವಿಶ್ರಾಂತಿ ಕೊಡುತ್ತೇನೆಂದು ಪಿಸುಮಾತಿನಲ್ಲಿ ಹೇಳತೊಡಗಿದರೆ, “ಪಿಸುಗುಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರೋದು ವಾಸಿ” ಎಂದು ಎರಡು ದಿನ ಮೌನ ವಿಧಿಸಿದರು. ಪ್ರವೇಶಕ್ಕೆ ಮುನ್ನ ಗಟಗಟನೆ ನೀರು ಕುಡಿಯುವ ಹುಡುಗರಿಗೆ ಅವರು ಹೇಳುತ್ತಿದ್ದುದನ್ನು ಮುಂದೆ ವೈದ್ಯರ ಬಾಯಲ್ಲೂ ಕೇಳಿದೆ: ಕುಡಿದ ನೀರು ಹೋಗುವುದು ಅನ್ನನಾಳಕ್ಕೆ, ಸ್ವರತಂತುಗಳನ್ನು ಅದು ಮುಟ್ಟುವುದೇ ಇಲ್ಲ. ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿದು ಮೈಯಲ್ಲಿ ನೀರಿನಂಶ ಉಳಿಸಿಕೊಂಡವನ ಸ್ವರತಂತು ಮಾತ್ರ ಸಂಜೆಯ ಹೊತ್ತಿಗೆ ಮೆತ್ತಗಿರುತ್ತದೆ. ಫ್ಲಾಸ್ಕು ಚೀಲಕ್ಕೆ ಬಂದದ್ದು ತಡವಾಗಿ, ಆದರೆ ಕಾರಣ ಇದೇ.

ಸೇಫ್ಟಿ ಪಿನ್ನಿನ ಕತೆ ಚಿಕ್ಕದು, ಅವಮಾನ ದೊಡ್ಡದು. ಪ್ರದರ್ಶನದ ದಿನ ಮೊದಲ ದೃಶ್ಯದಲ್ಲಿ, ಕಚ್ಚೆಪಂಚೆ ಉಟ್ಟು ಜನಿವಾರ ಹಾಕಿ ಬ್ರಾಹ್ಮಣನಾಗಿ ಬಂದ ನಾನು ಗುಂಪಿನ ನಡುವೆ ನಿಂತಿರುವಾಗ, ಹಿಂದೆ ಸಿಕ್ಕಿಸಿದ್ದ ಕಚ್ಚೆ ನಿಧಾನವಾಗಿ ಜಾರತೊಡಗಿತು. ಅದನ್ನು ಕಟ್ಟಿದವನು ಗೆಳೆಯ; ಕಟ್ಟಿದ ಮೇಲೆ ಒಮ್ಮೆ ಕೂತು, ಎದ್ದು, ಬಗ್ಗಿ ನೋಡಿಕೊಳ್ಳದವನು ನಾನು. ಬೆನ್ನನ್ನು ಪ್ರೇಕ್ಷಕರಿಗೆ ತೋರಿಸದೆ, ಎಡಗೈಯನ್ನು ಸೊಂಟದಿಂದ ತೆಗೆಯದೆ ದೃಶ್ಯ ಮುಗಿಸಿದೆ. ಬ್ರಾಹ್ಮಣನಿಗೆ ಸೊಂಟನೋವು ಎಂದು ಜನ ತಿಳಿದರಂತೆ, ಕೆಲವರು ಆ ಅಭಿನಯವನ್ನು ಮೆಚ್ಚಿಯೂ ಬಿಟ್ಟರು. ಮೇಷ್ಟ್ರು ಮೆಚ್ಚಲಿಲ್ಲ. ಉಡುಪನ್ನು ಯಾರೇ ತೊಡಿಸಲಿ, ಪರಿಕರವನ್ನು ಯಾರೇ ಜೋಡಿಸಲಿ, ಪರದೆ ಏಳುವ ಮುನ್ನ ನಿನ್ನ ಕೈಯಿಂದಲೇ ಮುಟ್ಟಿ ನೋಡಿಕೋ, ಇನ್ನೊಬ್ಬರ ಪರಿಕರವನ್ನು ಮಾತ್ರ ಮುಟ್ಟಬೇಡ ಎಂದರು. ಆ ದಿನದಿಂದ ಇಂದಿನವರೆಗೆ, ಪ್ರದರ್ಶನಕ್ಕೆ ಎರಡು ಗಂಟೆ ಮೊದಲೇ ಹೋಗಿ ಮೇಜಿನ ಮೇಲಿನ ನನ್ನ ವಸ್ತುಗಳನ್ನು ಮುಟ್ಟಿ ನೋಡದೆ ಬಣ್ಣಕ್ಕೆ ಕೂತವನಲ್ಲ. ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಚ್ಚಲು ಬಲ್ಲವರು ಸಿಗುತ್ತಾರೆ, ತೆಗೆಯುವ ಕೆಲಸ ನಮ್ಮದೇ. ಮನೆಗೆ ಹೋಗಿ ತೊಳೆದರಾಯಿತೆಂದು ಬಸ್ಸು ಹತ್ತುವವರ ಚರ್ಮ ನಲವತ್ತಕ್ಕೇ ಒರಟಾಗಿರುವುದನ್ನು ಕಂಡಿದ್ದೇನೆ. ಕೊಬ್ಬರಿ ಎಣ್ಣೆ, ಪಂಚೆಯ ತುಂಡು, ಅಲ್ಲಿಯೇ, ಆಗಲೇ.

ಪದವಿ ಮುಗಿಸಿ ನಾನು ಹೋದದ್ದು ಹೆಗ್ಗೋಡಿಗೆ, 1980ರಲ್ಲಿ ಆರಂಭವಾಗಿದ್ದ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ. ಅಲ್ಲಿಯೂ ಮೊದಲ ವಾರ ಪೆನ್ಸಿಲ್ ಹಿಡಿದವನೆಂದು ನನಗೊಂದು ಒಳಗೊಳಗಿನ ಜಂಬವಿತ್ತು. ಆಮೇಲೆ ಊರೂರು ಸುತ್ತುವ ತಂಡಗಳಲ್ಲಿ ಕಲಿತದ್ದು ಬೇರೆ ಬಗೆಯದು. ಇಂದು ದೊಡ್ಡ ರಂಗಮಂದಿರ, ನಾಳೆ ಶಾಲೆಯ ಜಗಲಿ, ನಾಡಿದ್ದು ಗದ್ದೆಬಯಲಿನಲ್ಲಿ ಹಲಗೆ ಹಾಸಿದ ಅಟ್ಟ. ಊರು ತಲುಪಿದೊಡನೆ ಚಹಾ ಕುಡಿಯುವುದಕ್ಕೂ ಮೊದಲು ಬರಿಗಾಲಲ್ಲಿ ರಂಗದ ಮೇಲೆಲ್ಲ ನಡೆದು ಎದ್ದಿರುವ ಮೊಳೆ, ಅಲುಗಾಡುವ ಹಲಗೆಗಳನ್ನು ಗುರುತಿಸುವುದು, ಚಪ್ಪಾಳೆ ತಟ್ಟಿ ಮಾರ್ದನಿ ಎಷ್ಟು ಹೊತ್ತು ಉಳಿಯುತ್ತದೆಂದು ಕೇಳುವುದು, ಸೈಡ್‌ವಿಂಗಿನಿಂದ ನಾನು ನಿಲ್ಲುವ ಜಾಗಕ್ಕೆ ಎಷ್ಟು ಹೆಜ್ಜೆಯೆಂದು ಎಣಿಸಿ ಬಲಪುಟದಲ್ಲಿ ಬರೆದುಕೊಳ್ಳುವುದು ಅಭ್ಯಾಸವಾಯಿತು. ಮಾರ್ದನಿ ಉಳಿಯುವ ಕಡೆ ಗಟ್ಟಿಯಾಗಿ ಹೇಳುವುದಲ್ಲ, ನಿಧಾನವಾಗಿ ಹೇಳಬೇಕು. ದೃಶ್ಯದ ಕೊನೆಯಲ್ಲಿ ದೀಪ ಆರುವುದಕ್ಕೆ ಮುನ್ನ, ಬೆನ್ನು ತಿರುಗಿಸಿದ ಸಮಯ ನೋಡಿಕೊಂಡು ಒಂದು ಕಣ್ಣು ಮುಚ್ಚಿಟ್ಟರೆ, ಕತ್ತಲಾದಾಗ ಆ ಕಣ್ಣಿಗೆ ದಾರಿ ಕಾಣುತ್ತದೆ. ಇದನ್ನು ಹೇಳಿಕೊಟ್ಟವರು ತಂಡದ ಬೆಳಕಿನವರು. ಟಾರ್ಚಿಗೆ ನೀಲಿ ಕಾಗದ ಅಂಟಿಸಿಕೊಟ್ಟವರೂ ಅವರೇ.

ಪ್ರದರ್ಶನದ ದಿನಾಂಕ ಬರೆದಿಡುವ ಒಂದು ಡೈರಿಯೂ ಬೇಕು, ಅದರ ಹಿಂಬದಿಯಲ್ಲಿ ಬರಬೇಕಾದ ಸಂಭಾವನೆಯ ಲೆಕ್ಕವೂ ಇರಬೇಕು. ಕಲೆಗೂ ದುಡ್ಡಿಗೂ ಸಂಬಂಧವಿಲ್ಲವೆನ್ನುವ ಸಂಘಟಕರು ನಮಗೆ ಆಗಾಗ ಸಿಗುತ್ತಾರೆ. ಅವರ ಪುಟದಲ್ಲಿ ರಬ್ಬರ್ ಬಳಸುವ ಅಗತ್ಯ ಈವರೆಗೆ ಬಂದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕವಾಡಿತು. ನಿವೃತ್ತರಾಗಿದ್ದ ಮೇಷ್ಟ್ರು ಮಗನೊಡನೆ ಬಂದಿದ್ದರು. ಮುಂದಿನ ಸಾಲಿನಲ್ಲಿ ಜಾಗ ಕಾದಿರಿಸಿದ್ದರೂ ಒಪ್ಪದೆ ಕೊನೆಯ ಸಾಲಿನ ಮೂಲೆಗೆ ಹೋಗಿ ಕೂತರೆಂದು ಯಾರೋ ಬಣ್ಣದ ಕೋಣೆಗೆ ಬಂದು ಹೇಳಿದರು. ಅವರ ಕಿವಿ ಆಗಲೇ ಮಂದವಾಗಿತ್ತೆಂಬುದು ನನಗೆ ಗೊತ್ತಿತ್ತು. ಎರಡನೆಯ ದೃಶ್ಯದ ನಡುವೆ, ದೀಪಗಳ ಆಚೆಯ ಕತ್ತಲಲ್ಲಿ, ಆ ಮೂಲೆಯಲ್ಲಿ ಬೆಳ್ಳಗಿನದೇನೋ ಮೇಲೆದ್ದಂತೆ ಕಂಡಿತು. ಸೆಕೆಗೆ ಮುಖ ಒರೆಸಿಕೊಂಡರೋ, ನಿಜಕ್ಕೂ ಎತ್ತಿದರೋ, ನಾಟಕ ಮುಗಿದ ಮೇಲೆ ಕೇಳಲು ಧೈರ್ಯ ಸಾಲಲಿಲ್ಲ. ಮುಂದಿನ ಮಾತಿಗೆ ಮುನ್ನ ನನ್ನ ಪುಸ್ತಕದಲ್ಲಿ ಒಂದು ಗೀಟು ಇತ್ತು. ಅಲ್ಲಿ ಹೊಟ್ಟೆಯ ತುಂಬ ಉಸಿರೆಳೆದುಕೊಂಡು, ಆ ಸಾಲನ್ನು ಮೂಲೆಯ ಕುರ್ಚಿಗೆ ಮುಟ್ಟುವಂತೆ ಹೇಳಿದೆ. ಬಿಳಿಯದು ಕೆಳಗಿಳಿಯಿತು.