ಕರಗಿಸಲು ತಂದ ಒಮೇಗಾ

ಕಲಬುರಗಿಯ ಸರಾಫ್ ಬಜಾರಿನಲ್ಲಿ ಹಳೇ ಬಂಗಾರದ ವಾಚು ತೋರಿಸಿದರೆ ಮೊದಲು ತಕ್ಕಡಿಗೆ ಹಾಕುತ್ತಾರೆ. ಮೊನ್ನೆ ಭಾನುವಾರ ಅಣ್ಣತಮ್ಮ ಇಬ್ಬರು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ ಒಮೇಗಾ ಕೂಡ ಅಲ್ಲಿಗೇ ಹೊರಟಿತ್ತು. "ಮುತ್ಯಾಂದು ರೀ. ಬಂಗಾರ ಖರೇ ಅದನೋ ಇಲ್ಲೋ ನೋಡ್ರಿ. ಖರೇ ಇದ್ರ ಕರಗಿಸಿ ಹಂಚ್ಕೋತೀವಿ."

ಒರೆಗಲ್ಲಿಗೆ ತಿಕ್ಕುವ ಮೊದಲು ಬೆಲ್ಟ್ ಬಿಚ್ಚಿ ಲಗ್‌ಗಳ, ಅಂದರೆ ಬೆಲ್ಟ್ ಸಿಕ್ಕಿಸುವ ಕೇಸಿನ ಕಾಲುಗಳ ಅಂಚು ನೋಡಬೇಕು. ಬಂಗಾರದ ನೀರು ಹಿಡಿಸಿದ ಕೇಸಾದರೆ ಬೆವರಿಗೂ ಉಜ್ಜಾಟಕ್ಕೂ ಸಿಕ್ಕಿ ಅಲ್ಲೇ ಮೊದಲು ಹಿತ್ತಾಳೆ ಇಣುಕುತ್ತದೆ. ಹಿಂದಿನ ಮುಚ್ಚಳ ಸ್ಟೀಲಿನದಾಗಿದ್ದರೆ, ಇಲ್ಲವೇ ಲೇಪನದ ದಪ್ಪ ಹೇಳುವ '20 ಮೈಕ್ರಾನ್' ಎಂದು ಬರೆದಿದ್ದರೆ ಅದು ಹೆಚ್ಚಾಗಿ ಲೇಪನವೇ. ಇದರಲ್ಲಿ ಅವೇನೂ ಇರಲಿಲ್ಲ.

ಒತ್ತಿ ಕೂರಿಸುವ ಮುಚ್ಚಳ. ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ತುಟಿ ಇರುತ್ತದೆ. ಕೇಸ್ ಚಾಕುವನ್ನು ಅಲ್ಲಿ ಒತ್ತಿ ಮೆಲ್ಲಗೆ ಹೊರಳಿಸಬೇಕು. ಬ್ಲೇಡು ಬೇಡವೇ ಬೇಡ. 18 ಕ್ಯಾರೆಟ್ ಬಂಗಾರ ಮೆತ್ತಗಿನದು, ಗೀರು ಬಿದ್ದರೆ ಹೋಗುವುದಿಲ್ಲ. ತುದಿ ಒಳಹೊಕ್ಕರೆ ಬ್ಯಾಲೆನ್ಸ್, ಅಂದರೆ ಹಿಂದೆ ಮುಂದೆ ತೂಗಿ ಸಮಯ ಅಳೆಯುವ ಚಕ್ರ ಹಾಳು. ಹಿಂದೆ ಯಾರೋ ಬ್ಲೇಡು ಹಾಕಿದ ಮೂರು ಗೀರು ಈ ಮುಚ್ಚಳದ ಮೇಲಿದ್ದವು.

10 ಪಟ್ಟಿನ ಐಗ್ಲಾಸಿನಲ್ಲಿ ಒಳಗೆ ಕಂಡದ್ದು ಸ್ವಿಟ್ಜರ್ಲೆಂಡಿನ ಸಂಕೇತವಾದ ಹೆಲ್ವೆಷಿಯಾ ಎಂಬ ಹೆಣ್ಣಿನ ತಲೆಯ ಮುದ್ರೆ, ಪಕ್ಕದಲ್ಲಿ 0.750, ಅಂದರೆ ಮುಕ್ಕಾಲು ಪಾಲು ಬಂಗಾರ. ಹಳೆಯ ಸ್ವಿಸ್ ಕೇಸುಗಳಲ್ಲಿ 18 ಕ್ಯಾರೆಟ್ಟಿಗೆ ಈ ತಲೆ, 14ಕ್ಕೆ ಅಳಿಲು. 1995ರಿಂದ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ಒಂದರ ಮುಚ್ಚಳ ಇನ್ನೊಂದರ ಕೇಸಿಗೆ ಕೂರಿಸಿದ ವಾಚುಗಳು ಸಿಗುತ್ತಲೇ ಇರುತ್ತವೆ, ಹಾಗಾಗಿ ಲಗ್ ಹಿಂಬದಿಯನ್ನೂ ನೋಡಬೇಕು. ಅಲ್ಲೂ ಅದೇ ತಲೆ, ಚಿಕ್ಕದು, ಇನ್ನೂ ಚೂಪಾಗಿ. ಪಾಲಿಶ್ ಚಕ್ರ ತಾಗಿದ ಕೇಸಿನಲ್ಲಿ ಈ ಮುದ್ರೆಯೇ ಮೊದಲು ಸವೆದು ಮಸುಕಾಗುತ್ತದೆ. ಎಪ್ಪತ್ತು ವರ್ಷ ಅದು ಉಳಿದಿದೆಯಲ್ಲ, ಅದಕ್ಕಿಂತ ಸಂತೋಷ ಬೇರೆ ಇಲ್ಲ!

ಮಷೀನ್ ತಾಮ್ರದ ಬಣ್ಣದ್ದು, ಒಮೇಗಾದ 266 ನಂಬರಿನ ಮಾದರಿ, ಸವೆತ ತಡೆಯುವ 17 ಕಲ್ಲು, ಗಂಟೆಗೆ 18,000 ಬಡಿತ. ಅದರ ಮೇಲಿನ ಸಂಖ್ಯೆ ಒಂದೂವರೆ ಕೋಟಿಯ ಆಸುಪಾಸು, ಅಂದರೆ 1956ರ ಸುಮಾರಿನದು. ಪೂರ್ತಿ ಚಾವಿ ಕೊಟ್ಟು, ವಾಚಿನ ಬಡಿತ ಅಳೆಯುವ ಟೈಮ್‌ಗ್ರಾಫರಿಗೆ ಹಾಕಿದರೆ ಬ್ಯಾಲೆನ್ಸಿನ ತೂಗಾಟ 190 ಡಿಗ್ರಿ. 270 ದಾಟಬೇಕಿತ್ತು. ಎಣ್ಣೆ ಒಣಗಿದೆ, ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ಕಪಾಟಿನಲ್ಲೇ ಇಟ್ಟರೂ ಒಣಗುತ್ತದೆ. ಹೀಗಿರುವಾಗ ಕಟ್ಟಿಕೊಂಡು ಓಡಿಸಿದರೆ ಚಕ್ರಗಳ ಅಚ್ಚಿನ ತುದಿಗಳು ಸವೆಯುತ್ತವೆ.

ಡಯಲಿನಲ್ಲಿ ನಾಲ್ಕರ ಹತ್ತಿರ ತೇವದ ಕಲೆ. ಅಕ್ಷರದ ಅಂಚು ಒಡೆದಿಲ್ಲ, ಸೆಕೆಂಡಿನ ಸಣ್ಣ ವೃತ್ತದ ಗೆರೆಗಳು ನೇರ, ಕೆಳಗೆ 'ಸ್ವಿಸ್ ಮೇಡ್' ಅದರದೇ ಜಾಗದಲ್ಲಿದೆ. ಮೂಲ ಬಣ್ಣವೇ. ಹೊಸ ಬಣ್ಣ ಬಳಿಸಿದ ಡಯಲಿಗಿಂತ ಈ ಕಲೆಯೇ ಮೇಲು.

ಚಾವಿ ದಂಡದ ಪಕ್ಕದ ಪುಟ್ಟ ಸ್ಕ್ರೂ ಸಡಿಲಿಸಿ ದಂಡ ಎಳೆದು, ಎರಡು ಸ್ಕ್ರೂ ಬಿಚ್ಚಿ ಮಷೀನ್ ಹೊರತೆಗೆದು, ಗಾಜೂ ತೆಗೆದು ತೂಗಿದರೆ ಕೇಸು, ಮುಚ್ಚಳ ಸೇರಿ 10.4 ಗ್ರಾಂ. ಮುಕ್ಕಾಲು ಪಾಲು ಅಂದರೆ 7.8 ಗ್ರಾಂ ಶುದ್ಧ ಬಂಗಾರ. ಕರಗಿಸಿದರೆ ಕೈಗೆ ಬರುವುದು ಅಷ್ಟರದೇ ರೊಕ್ಕ, ಅದರಲ್ಲೂ ಸವಕಳಿ ಕಳೆದು. ಓಡುವ ಮಷೀನ್, ಮೂಲ ಡಯಲ್ ಎರಡಕ್ಕೂ ಆ ತಕ್ಕಡಿಯಲ್ಲಿ ಬೆಲೆಯಿಲ್ಲ.

ಅಣ್ಣ ಲೆಕ್ಕದ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. "ಹಂಗಾರ ಪಾಲಿಶ್ ಮಾಡಿಸಿ ಇಡಮೇನ್ರಿ?" ಅಂದ ತಮ್ಮ. ಬೇಡ. ಖಾಲಿ ಕೇಸಿಗೆ ಮಾತ್ರ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್. ಮಷೀನಿಗೆ ಪೂರ್ತಿ ಸರ್ವಿಸ್, ಹೊಸ ಸ್ಪ್ರಿಂಗ್. ತೆಗೆದ ಹಳೇ ಭಾಗಗಳನ್ನು ಪೊಟ್ಟಣ ಕಟ್ಟಿಸಿ ವಾಪಸ್ ಕೇಳಿ ಪಡೆಯಬೇಕು.